ಒಂದೂವರೆ ಶಿಫ್ಟಿನ ಲೆಕ್ಕ: ಕೊಯಮತ್ತೂರು, ತಿರುಪ್ಪೂರಿನ ಓಟಿ ಕೂಲಿಯ ಕಥೆ



ಗಡಿಯಾಚೆ ಕನ್ನಡ ಕಲಿಸುವ ನಮಗೆ ಕೊಯಮತ್ತೂರು, ತಿರುಪ್ಪೂರು ಎಂದರೆ ಬರೀ ಭೂಗೋಳ ಪಾಠದ ಹೆಸರುಗಳಲ್ಲ. ನಮ್ಮ ತಾಳವಾಡಿ 1979ರಲ್ಲಿ ಈರೋಡ್ ಜಿಲ್ಲೆ ಹುಟ್ಟುವವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಈಗ ಕರ್ನಾಟಕದಲ್ಲಿರುವ ಕೊಳ್ಳೇಗಾಲವೂ 1956ರ ನವೆಂಬರ್ 1ರವರೆಗೆ ಅದೇ ಜಿಲ್ಲೆಯ ತಾಲ್ಲೂಕು. ಕೊಯಮತ್ತೂರಿನ ಸುತ್ತ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರ ಕೇರಿಗಳು ಇಂದಿಗೂ ಇವೆ. ಬೆಟ್ಟದ ಮೇಲೆ ಮಳೆ ಕೈಕೊಟ್ಟ ವರ್ಷ ಜನ ಕೆಳಗಿಳಿದು ಹುಡುಕಿಕೊಂಡು ಹೋಗುವುದು ಮಿಲ್ಲಿನ ಕೆಲಸವನ್ನೋ ಬನಿಯನ್ ಕಂಪನಿಯ ಕೆಲಸವನ್ನೋ.

ಹಾಗೆ ಹೋಗಿ ಬಂದವರು ಕೂಲಿಯ ಲೆಕ್ಕ ಹೇಳುವಾಗ ದಿನ ಎನ್ನುವುದಿಲ್ಲ, ಗಂಟೆ ಎನ್ನುವುದೂ ಇಲ್ಲ. 'ಶಿಫ್ಟ್' ಎನ್ನುತ್ತಾರೆ. 'ಈ ವಾರ ಒಂಬತ್ತು ಶಿಫ್ಟ್ ಮಾಡಿದೆ' ಎಂದರೆ ಆರು ದಿನ, ದಿನಕ್ಕೆ ಒಂದೂವರೆ ಶಿಫ್ಟ್ ಎಂದರ್ಥ. ಎಂಟು ಗಂಟೆಗೆ ಒಂದು ಶಿಫ್ಟ್, ಹನ್ನೆರಡು ಗಂಟೆಗೆ ಒಂದೂವರೆ. ಕೇಳಲು ಎಷ್ಟು ಸರಳ! ಒಂದಕ್ಕೆ ಒಂದು, ಒಂದೂವರೆಗೆ ಒಂದೂವರೆ. ಅಂಗಡಿಯ ತಕ್ಕಡಿಯಷ್ಟೇ ನೇರ. ಆದರೆ ಈ ಸರಳ ಲೆಕ್ಕದೊಳಗೆ ನೂರು ವರ್ಷಗಳ ಒಂದು ಜಗಳ ಅಡಗಿ ಕೂತಿದೆ. ಎಂಟು ಗಂಟೆ ದುಡಿದವನ ಒಂಬತ್ತನೆಯ, ಹತ್ತನೆಯ ಗಂಟೆಯ ಬೆಲೆ ಮೊದಲ ಗಂಟೆಯ ಬೆಲೆಯಷ್ಟೇ ಇರಬೇಕೆ? ನಾಲ್ಕೇ ಗಂಟೆಗೆಂದು ಬಂದವಳನ್ನು ಏಳು ಗಂಟೆ ನಿಲ್ಲಿಸಿಕೊಂಡರೆ ಆ ಮೂರು ಗಂಟೆಯ ಬೆಲೆ ಏನು? ಇಂದು ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ನಮ್ಮ ಪಕ್ಕದ ಊರುಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಸಂಗು ಊದುವ ಮೊದಲು, ಊದಿದ ಮೇಲೆ

ಮಿಲ್ಲು ಬರುವ ಮುಂಚೆ ನೇಕಾರನ ಮನೆಯಲ್ಲಿ ಗಡಿಯಾರ ಇರಲಿಲ್ಲ. ಸೀರೆಗೆ ಇಷ್ಟು ಎಂದು ಕೂಲಿ. ಮಗ್ಗದಲ್ಲಿ ಗಂಡಸು ಕೂತರೆ ನೂಲು ಬಿಡಿಸುವುದು, ಸುತ್ತುವುದು ಹೆಂಗಸರ ಮತ್ತು ಮಕ್ಕಳ ಪಾಲಿನ ಕೆಲಸ. ಅದಕ್ಕೆ ಬೇರೆ ಕೂಲಿ ಇಲ್ಲ, ಎಲ್ಲವೂ ಸೀರೆಯ ಬೆಲೆಯಲ್ಲೇ ಸೇರಿತು. ಹಬ್ಬದ ಮುಂಚೆ ರಾತ್ರಿಯೆಲ್ಲ ನೇಯ್ದರೂ ಸೀರೆಗೆ ಅದೇ ಬೆಲೆ. 'ಹೆಚ್ಚು ಹೊತ್ತು' ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ, ಏಕೆಂದರೆ 'ಸರಿಯಾದ ಹೊತ್ತು' ಎಷ್ಟೆಂದು ಯಾರೂ ಗೊತ್ತು ಮಾಡಿರಲಿಲ್ಲ.

1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರು ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಲನ್ನು ಸ್ಥಾಪಿಸಿದರು. ಊರಿನವರ ಬಾಯಲ್ಲಿ ಅದು ಸ್ಟೇನ್ಸ್ ಮಿಲ್ ಆಯಿತು. ಇಲ್ಲಿನವರು 'ಸಂಗು' ಎಂದು ಕರೆಯುವ ಮಿಲ್ಲಿನ ಸೈರನ್ ಊರಿಗೇ ಗಡಿಯಾರವಾಯಿತು. 1910ರಲ್ಲಿ ಲಕ್ಷ್ಮಿ ಮಿಲ್ಸ್ ಬಂತು. ಆದರೆ ನಿಜವಾದ ಸುಗ್ಗಿ ಶುರುವಾದದ್ದು 1930ರ ದಶಕದಲ್ಲಿ. ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ ಕೊಯಮತ್ತೂರಿಗೆ ಅಗ್ಗದ ಕರೆಂಟು ಸಿಕ್ಕಿತು. ಮಿಲ್ಲುಗಳು ಸಾಲುಸಾಲಾಗಿ ಎದ್ದವು. ಕರೆಂಟು ಯಂತ್ರವನ್ನಷ್ಟೇ ಓಡಿಸಲಿಲ್ಲ, ದೀಪವನ್ನೂ ಉರಿಸಿತು. ದೀಪ ಉರಿದರೆ ರಾತ್ರಿಯೂ ಹಗಲೇ. ದುಡಿಮೆಯ ಹೊತ್ತಿಗೆ ಸೂರ್ಯ ಹಾಕುತ್ತಿದ್ದ ಮಿತಿ ಹೋದ ಮೇಲೆ ಆ ಮಿತಿಯನ್ನು ಕಾನೂನೇ ಹಾಕಬೇಕಾಯಿತು.

ಆ ಕಾನೂನು ಹೇಗೆ ನಿಧಾನವಾಗಿ ಬಂತು ನೋಡಿ. ಮೊದಲ ಕಾರ್ಖಾನೆ ಕಾಯಿದೆ 1881ರದು. ಅದು ನೋಡಿದ್ದು ಮಕ್ಕಳ ದುಡಿಮೆಯನ್ನು ಮಾತ್ರ. 1891ರಲ್ಲಿ ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. 1911ರಲ್ಲಿ ಬಟ್ಟೆ ಮಿಲ್ಲಿನ ಗಂಡಸರಿಗೆ ದಿನಕ್ಕೆ 12 ಗಂಟೆ ಎಂದಾಯಿತು. 1918ರ ಏಪ್ರಿಲಿನಲ್ಲಿ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕಾರ್ಮಿಕರು ಸೇರಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಊಟದ ಬಿಡುವು ಸಾಲದು ಎನ್ನುವುದು ಅವರ ಮುಖ್ಯ ದೂರುಗಳಲ್ಲಿ ಒಂದು.

1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ ನಡೆಯಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅಲ್ಲಿ ಒಪ್ಪಂದವಾಯಿತು. ಹೆಚ್ಚುವರಿ ಹೊತ್ತಿಗೆ ಕಡಿಮೆಯೆಂದರೆ ಒಂದೂಕಾಲು ಪಟ್ಟು ಕೂಲಿ ಎಂಬ ಮಾತೂ ಅದರಲ್ಲಿತ್ತು. ಭಾರತದ ಕಾರ್ಮಿಕರ ಪರವಾಗಿ ಎನ್.ಎಂ. ಜೋಶಿ ಹೋಗಿದ್ದರು. ಆದರೆ ಭಾರತಕ್ಕೆ ಮಾತ್ರ ಬೇರೆ ಅಳತೆ: ವಾರಕ್ಕೆ 60 ಗಂಟೆ! ನಮ್ಮವರ ದೇಹಕ್ಕೆ ದಣಿವು ತಡವಾಗಿ ಬರುತ್ತದೆಂದು ಯಾರಾದರೂ ಅಳೆದು ನೋಡಿದ್ದರೇ? ಇಲ್ಲ. ನಮ್ಮವರ ದನಿ ಸಣ್ಣದಾಗಿತ್ತು, ಅಷ್ಟೇ.

1922ರ ಕಾಯಿದೆ ವಾರಕ್ಕೆ 60 ಗಂಟೆ ಎಂದಿತು. 1934ರ ಕಾಯಿದೆ ಅದನ್ನು 54ಕ್ಕೆ ಇಳಿಸಿತು. 1946ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ಮಂಡಿಸಿದ ತಿದ್ದುಪಡಿಯಿಂದ ಅದು 48ಕ್ಕೆ ಬಂತು. 1948ರ ಕಾರ್ಖಾನೆ ಕಾಯಿದೆ ಸ್ವತಂತ್ರ ಭಾರತದಲ್ಲಿ ಇದನ್ನು ಗಟ್ಟಿಮಾಡಿತು. ಅದರ 59ನೇ ಸೆಕ್ಷನ್ ಹೇಳಿದ್ದು ಇಷ್ಟು: ಯಾವುದೇ ದಿನ 9 ಗಂಟೆಗಿಂತ ಹೆಚ್ಚು, ಅಥವಾ ಯಾವುದೇ ವಾರ 48 ಗಂಟೆಗಿಂತ ಹೆಚ್ಚು ದುಡಿಸಿಕೊಂಡರೆ ಆ ಹೆಚ್ಚಿನ ಹೊತ್ತಿಗೆ ಮಾಮೂಲಿ ಕೂಲಿಯ ಎರಡು ಪಟ್ಟು ಕೊಡಬೇಕು.

ಈ ಗಂಟೆಗಳ ಕಥೆಯ ನಡುವೆ ರಕ್ತವೂ ಹರಿದಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಕೊಯಮತ್ತೂರಿನ ಹತ್ತಿರ ಚಿನ್ನಿಯಂಪಾಳಯದ ನಾಲ್ವರು ಮಿಲ್ ಕಾರ್ಮಿಕರನ್ನು 1946ರ ಜನವರಿ 8ರಂದು ಕೊಯಮತ್ತೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಟೇನ್ಸ್ ಮಿಲ್ಲಿನ ಮುಂದೆ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಪುಸ್ತಕದಲ್ಲಿ '48 ಗಂಟೆ' ಎಂದು ಒಂದೇ ಸಾಲಿನಲ್ಲಿ ಓದಿ ಮುಗಿಸುವ ಕಾಲದಲ್ಲೇ ಇದೆಲ್ಲ ನಡೆದದ್ದು.

ಗೇಟಿನ ಮುಂದೆ ನಿಂತ ಬದ್ಲಿ

ಮಿಲ್ಲಿನಲ್ಲಿ ಎಲ್ಲರೂ ಒಂದೇ ಬಗೆಯ ಕಾರ್ಮಿಕರಲ್ಲ. ಕಾಯಂ ಆದವನಿಗೆ ಎಂಟು ಗಂಟೆಯ ಪಾಳಿ, ಬೋನಸ್, ರಜೆ. ಅವನ ನಂತರ ಬದ್ಲಿ. ಬೆಳಗ್ಗೆ ಗೇಟಿನ ಮುಂದೆ ಬಂದು ನಿಲ್ಲಬೇಕು. ಒಳಗೆ ಯಾರಾದರೂ ಗೈರುಹಾಜರಾಗಿದ್ದರೆ ಆ ಜಾಗಕ್ಕೆ ಹೆಸರು ಕರೆಯುತ್ತಾರೆ, ಇಲ್ಲದಿದ್ದರೆ ಬುತ್ತಿಯನ್ನು ಹಾಗೆಯೇ ಮನೆಗೆ ಹೊತ್ತುಕೊಂಡು ಹೋಗಬೇಕು. ನಂತರ ಟೆಂಪರರಿ, ಕ್ಯಾಶುವಲ್, ಅಪ್ರೆಂಟಿಸ್. ಪಾರ್ಟ್ ಟೈಮ್ ಎಂಬ ಪದ ಮಿಲ್ಲಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಆದರೆ ವಾರದಲ್ಲಿ ಮೂರು ದಿನ ಮಾತ್ರ ಕೆಲಸ ಸಿಗುವ ಬದ್ಲಿಯನ್ನು ಮತ್ತೇನೆಂದು ಕರೆಯೋಣ?

ಇಲ್ಲಿ ಕಾಯಿದೆಯ ಎರಡು ಅಳತೆಗೋಲುಗಳನ್ನು ಬೇರೆಬೇರೆಯಾಗಿ ನೋಡಬೇಕು. ವಾರಕ್ಕೆ 48 ಗಂಟೆ ಎಂಬ ಅಳತೆ ಕಾಯಂ ಕಾರ್ಮಿಕನಿಗೆ ಸಿಗುತ್ತದೆ, ವಾರಕ್ಕೆ ಮೂರು ದಿನ ಬರುವ ಬದ್ಲಿಗೆ ಎಂದಿಗೂ ಸಿಗುವುದಿಲ್ಲ. ಅವನು ಮೂರು ದಿನವೂ 12 ಗಂಟೆ ದುಡಿದರೂ ಆಗುವುದು 36 ಗಂಟೆ. ಆದರೆ ದಿನಕ್ಕೆ 9 ಗಂಟೆ ಎಂಬ ಅಳತೆ ಅವನಿಗೂ ಸಿಗುತ್ತದೆ. ಮೂರು ದಿನದಲ್ಲಿ ದಿನಕ್ಕೆ 3 ಗಂಟೆಯಂತೆ 9 ಗಂಟೆಗೆ ಅವನಿಗೂ ಎರಡು ಪಟ್ಟು ಬರಬೇಕು. ದಿನದ ಮಿತಿಯನ್ನು ತೆಗೆದು ವಾರದ ಮಿತಿ ಒಂದನ್ನೇ ಇಟ್ಟರೆ ಸಾಲದೇ ಎಂದು ಆಗಾಗ ಕೆಲವರು ವಾದ ಮಾಡುತ್ತಾರೆ. ಹಾಗಾದರೆ ಮೊದಲು ನಷ್ಟವಾಗುವುದು ಅರೆಕೆಲಸದವರಿಗೇ!

ತಮಿಳುನಾಡು 1981ರಲ್ಲಿ ಒಂದು ಒಳ್ಳೆಯ ಕಾಯಿದೆ ಮಾಡಿತು. 24 ತಿಂಗಳಲ್ಲಿ 480 ದಿನ ದುಡಿದವರನ್ನು ಕಾಯಂ ಮಾಡಬೇಕು ಎಂದು. ಎಷ್ಟೋ ಬದ್ಲಿಗಳು ಇದರ ಬಲದಿಂದ ಕಾಯಂ ಆಗಬಹುದಿತ್ತು. ಆದರೆ 480 ದಿನ ತುಂಬದ ಹಾಗೆ ನೋಡಿಕೊಂಡರೆ? ಲೆಕ್ಕ ಬಲ್ಲವನು ಕಾನೂನನ್ನೂ ಲೆಕ್ಕ ಹಾಕುತ್ತಾನೆ.

127 ದಿನ

ಈಗ ತಿರುಪ್ಪೂರಿಗೆ ಬರೋಣ. 1920ರ ದಶಕದಲ್ಲಿ ಇಲ್ಲಿ ಬನಿಯನ್ ಹೆಣೆಯುವ ಯಂತ್ರಗಳು ಬಂದವು. ಬಹುಕಾಲ ಅದು ನಮ್ಮ ದೇಶದ ಮೈಗೆ ಬಿಳಿ ಬನಿಯನ್ ತೊಡಿಸುವ ಊರಾಗಿತ್ತು. 1970ರ ದಶಕದ ಕೊನೆಯಿಂದ ಹೊರದೇಶದ ವ್ಯಾಪಾರಿಗಳು ಬರತೊಡಗಿದರು. 1990ರಲ್ಲಿ ತಿರುಪ್ಪೂರು ರಫ್ತುದಾರರ ಸಂಘ ಸ್ಥಾಪನೆಯಾಯಿತು. 2009ರಲ್ಲಿ ತಿರುಪ್ಪೂರು ತಾನೇ ಒಂದು ಜಿಲ್ಲೆಯಾಯಿತು. 2024-25ರಲ್ಲಿ ಇಲ್ಲಿಂದ ಹೋದ ಹೆಣೆದ ಉಡುಪಿನ ರಫ್ತು ಸುಮಾರು 40 ಸಾವಿರ ಕೋಟಿ ರೂಪಾಯಿ.

1984ರಲ್ಲಿ ಈ ಊರು 127 ದಿನ ನಿಂತು ಹೋಯಿತು. ಸಿಐಟಿಯು, ಎಐಟಿಯುಸಿ ಸಂಘಗಳ ಮುಂದಾಳತ್ವದಲ್ಲಿ ಬನಿಯನ್ ಕಾರ್ಮಿಕರು ತುಟ್ಟಿಭತ್ಯೆಗಾಗಿ ಮುಷ್ಕರ ಹೂಡಿದರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೂಲಿಯಿಲ್ಲದೆ ಬದುಕುವುದೆಂದರೆ ಏನೆಂದು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಷ್ಕರದ ನಂತರ ಊರಿನ ಕೆಲಸದ ಸ್ವರೂಪವೇ ಬದಲಾಗುತ್ತ ಹೋಯಿತು. ಒಂದೇ ಸೂರಿನಡಿ ಎಲ್ಲ ಕೆಲಸ ನಡೆಸುವುದು ಕಡಿಮೆಯಾಗಿ, ಹೆಣೆಯುವುದು ಒಂದು ಕಡೆ, ಬಣ್ಣ ಹಾಕುವುದು ಇನ್ನೊಂದು ಕಡೆ, ಹೊಲಿಯುವುದು ಮತ್ತೊಂದು ಕಡೆ ಎಂದು ಸಣ್ಣ ಸಣ್ಣ ಘಟಕಗಳು ಹೆಚ್ಚಿದವು. ಗುತ್ತಿಗೆದಾರರ ಕೈಗೆ ಟೈಲರುಗಳ ಗುಂಪುಗಳು ಬಂದವು.

ಇದಕ್ಕೂ ಓಟಿಗೂ ಏನು ಸಂಬಂಧ ಎನ್ನುವಿರಾ? ಸಂಬಂಧ ಇದೆ. 1948ರ ಕಾಯಿದೆಯ ಪ್ರಕಾರ ಕರೆಂಟಿನಲ್ಲಿ ನಡೆಯುವ ಜಾಗದಲ್ಲಿ 10 ಜನ, ಕರೆಂಟಿಲ್ಲದೆ ನಡೆಯುವ ಜಾಗದಲ್ಲಿ 20 ಜನ ಇದ್ದರೆ ಅದು ಕಾರ್ಖಾನೆ. ಅದಕ್ಕಿಂತ ಕಡಿಮೆಯಿದ್ದರೆ ಸರ್ಕಾರ ಬೇರೆಯಾಗಿ ಆದೇಶ ಮಾಡದ ಹೊರತು ಅದು ಕಾರ್ಖಾನೆಯಲ್ಲ. ಒಂದು ದೊಡ್ಡ ಘಟಕ ಐದು ಸಣ್ಣ ಘಟಕವಾದರೆ ಯಂತ್ರಗಳೂ ಅವೇ, ಕೈಗಳೂ ಅವೇ. ಕಾರ್ಖಾನೆ ಕಾಯಿದೆ ಮಾತ್ರ ಬಾಗಿಲಲ್ಲೇ ನಿಂತುಬಿಡುತ್ತದೆ.

ಒಂದೂವರೆ ಶಿಫ್ಟ್ ಎಂಬ ಲೆಕ್ಕ ಇಂಥ ನೆಲದಲ್ಲಿ ಬೇರು ಬಿಟ್ಟಿತು. ಬೆಳಗ್ಗೆ ಎಂಟೂವರೆಗೆ ಶುರುವಾಗಿ ರಾತ್ರಿ ಎಂಟೂವರೆಯವರೆಗೆ ನಡೆಯುವ ಕೆಲಸ ಇಲ್ಲಿ ಅಪರೂಪದ್ದಲ್ಲ, ಮಾಮೂಲು. ಹಡಗಿಗೆ ಸರಕು ಹಾಕುವ ದಿನ ಹತ್ತಿರ ಬಂದರೆ ಇನ್ನೂ ಅರ್ಧ ಶಿಫ್ಟ್ ಸೇರಿಕೊಳ್ಳುತ್ತದೆ. ಶನಿವಾರ ಸಂಬಳ. ಸಂಬಳದ ಚೀಟಿಯಲ್ಲಿ, ಚೀಟಿ ಇದ್ದರೆ, ಶಿಫ್ಟಿನ ಸಂಖ್ಯೆ ಇರುತ್ತದೆ.

ಗಣಿತದ ಪಾಠ

ನಮ್ಮ ಏಳನೆಯ, ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಬಿಡಿಸಲು ಸುಲಭವಾಗಲೆಂದು ಒಂದು ಕಲ್ಪಿತ ಮೊತ್ತ ಇಟ್ಟುಕೊಳ್ಳೋಣ. ಎಂಟು ಗಂಟೆಯ ಒಂದು ಶಿಫ್ಟಿಗೆ 480 ರೂಪಾಯಿ. ಅಂದರೆ ಗಂಟೆಗೆ 60.

ದಿನಕ್ಕೆ 12 ಗಂಟೆ ದುಡಿದರೆ ಶಿಫ್ಟ್ ಲೆಕ್ಕದಲ್ಲಿ ಸಿಗುವುದು ಒಂದೂವರೆ ಪಾಲು, 720 ರೂಪಾಯಿ.

1948ರ ಕಾಯಿದೆಯ ಲೆಕ್ಕದಲ್ಲಿ ಮೊದಲ 9 ಗಂಟೆಗೆ 60ರಂತೆ 540. ಉಳಿದ 3 ಗಂಟೆಗೆ 120ರಂತೆ 360. ಒಟ್ಟು 900 ರೂಪಾಯಿ. ದಿನಕ್ಕೆ ವ್ಯತ್ಯಾಸ 180.

ಈಗ ವಾರದ ಲೆಕ್ಕ. ಆರು ದಿನಕ್ಕೆ 72 ಗಂಟೆ. ಶಿಫ್ಟ್ ಲೆಕ್ಕದಲ್ಲಿ 9 ಶಿಫ್ಟ್, 4,320 ರೂಪಾಯಿ. ಕಾಯಿದೆಯ ಲೆಕ್ಕದಲ್ಲಿ 48 ಗಂಟೆ ಮೀರಿದ 24 ಗಂಟೆಗೂ ಎರಡು ಪಟ್ಟು. 48 ಗಂಟೆಗೆ 2,880, ಉಳಿದ 24 ಗಂಟೆಗೂ 2,880. ಒಟ್ಟು 5,760. ವಾರಕ್ಕೆ 1,440 ರೂಪಾಯಿ, ಅಂದರೆ ಬರೋಬ್ಬರಿ ಮೂರು ಶಿಫ್ಟಿನ ಕೂಲಿ ವ್ಯತ್ಯಾಸ! (ವಾರಕ್ಕೆ 72 ಗಂಟೆ ದುಡಿಸುವುದೇ ಆ ಕಾಯಿದೆಗೆ ವಿರುದ್ಧ ಎಂಬುದು ಬೇರೆ ಮಾತು. ಓಟಿ ಸೇರಿಸಿಯೂ ವಾರಕ್ಕೆ 60 ಗಂಟೆ ಮೀರಬಾರದು ಎನ್ನುವುದು ಅದರ ಸಾಮಾನ್ಯ ಮಿತಿ.)

'ನಾವು ಪೀಸ್ ರೇಟಿನವರು, ನಮಗೆಲ್ಲಿ ಓಟಿ' ಎಂದು ಟೈಲರುಗಳು ಹೇಳುವುದುಂಟು. ಆ ಮಾತೂ ಪೂರ್ತಿ ಸರಿಯಲ್ಲ. 59ನೇ ಸೆಕ್ಷನ್ ಪೀಸ್ ರೇಟಿಗೂ ದಾರಿ ಹೇಳಿತ್ತು. ಹಿಂದಿನ ತಿಂಗಳು ಅದೇ ಕೆಲಸದಲ್ಲಿ, ಓಟಿ ಬಿಟ್ಟು, ದುಡಿದ ದಿನಗಳ ಸರಾಸರಿ ಗಳಿಕೆ ತೆಗೆದು ಅದನ್ನೇ ದಿನಗೂಲಿ ಎಂದು ಹಿಡಿಯಬೇಕು. ಉದಾಹರಣೆಗೆ, ಹೋದ ತಿಂಗಳು 26 ದಿನದಲ್ಲಿ 13,000 ರೂಪಾಯಿ ಬಂದಿದ್ದರೆ ದಿನಕ್ಕೆ 500. ಎಂಟು ಗಂಟೆಯ ದಿನವಾದರೆ ಗಂಟೆಗೆ 62.50, ಓಟಿ ಗಂಟೆಗೆ 125.

ಪೀಸ್ ರೇಟಿನ ಟೈಲರು ನೌಕರನೇ ಅಲ್ಲ, ತನ್ನಿಷ್ಟಕ್ಕೆ ಬಂದು ಹೋಗುವವನು ಎಂಬ ವಾದವೂ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಮೊಕದ್ದಮೆಯಲ್ಲಿ, ಅಂಗಡಿಯ ಯಂತ್ರದಲ್ಲಿ ಕೂತು, ಅಂಗಡಿಯವರು ಹೇಳಿದಂತೆ ಹೊಲಿಯುವ ಟೈಲರುಗಳು ಪೀಸಿನ ಲೆಕ್ಕದಲ್ಲಿ ಕೂಲಿ ಪಡೆದರೂ, ಇಡೀ ದಿನ ಇರಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದರೂ ನೌಕರರೇ ಎಂದು ನ್ಯಾಯಾಲಯ ಹೇಳಿತು. ಅರೆಹೊತ್ತಿನವರ ಚರಿತ್ರೆಯಲ್ಲಿ ಇದು ದೊಡ್ಡ ಮಾತು. ಹೊತ್ತು ಕಡಿಮೆಯಾದ ಮಾತ್ರಕ್ಕೆ ಸಂಬಂಧ ಕಡಿಮೆಯಾಗುವುದಿಲ್ಲ!

ನಾಲ್ಕು ಗಂಟೆಗೆಂದು ಬಂದವಳು

ಈಗ ಎರಡನೆಯ ಪ್ರಶ್ನೆ. ಒಂದೇ ಸಾಲಿನಲ್ಲಿ ಇಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಒಬ್ಬಳು ಬೆಳಗಿನಿಂದ ಬಂದವಳು, ಪೂರ್ತಿ ಶಿಫ್ಟಿನವಳು. ಇನ್ನೊಬ್ಬಳು ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಗೆ ಊಟ ಕೊಟ್ಟು ಮಧ್ಯಾಹ್ನ ಬಂದವಳು, ಅರೆ ಶಿಫ್ಟಿನವಳು. ಸಂಜೆ ಸೂಪರ್‌ವೈಸರ್ ಬಂದು 'ಇನ್ನು ಮೂರು ಗಂಟೆ ಇರಬೇಕು' ಎನ್ನುತ್ತಾನೆ. ಇಬ್ಬರೂ ನಿಲ್ಲುತ್ತಾರೆ. ಅದೇ ದೀಪದ ಕೆಳಗೆ ಅದೇ ಬಟ್ಟೆ. 1948ರ ಕಾಯಿದೆಯ ಪ್ರಕಾರ ಮೊದಲನೆಯವಳಿಗೆ 9 ಗಂಟೆ ದಾಟಿದ ಮೇಲೆ ಎರಡು ಪಟ್ಟು. ಎರಡನೆಯವಳಿಗೆ ನಾಲ್ಕು, ಮೂರು ಸೇರಿ ಏಳೇ ಗಂಟೆ. ಆದ್ದರಿಂದ ಮಾಮೂಲಿ ಕೂಲಿ.

ಇದು ನ್ಯಾಯವೇ? ಉತ್ತರ ಹೇಳುವ ಮುಂಚೆ ಓಟಿಗೆ ಎರಡು ಪಟ್ಟು ಯಾಕೆ ಎಂದು ಕೇಳಿಕೊಳ್ಳಬೇಕು. ಒಂದು ಕಾರಣ ದಣಿವು. ಹತ್ತನೆಯ ಗಂಟೆಯ ಕೈ ಮೊದಲ ಗಂಟೆಯ ಕೈಯಲ್ಲ, ಸೂಜಿ ಬೆರಳಿಗೆ ಚುಚ್ಚುವುದು ಆಗಲೇ. ಇನ್ನೊಂದು ಕಾರಣ ತಡೆ. ದುಬಾರಿಯಾದರೆ ಮಾಲೀಕ ಸುಮ್ಮಸುಮ್ಮನೆ ನಿಲ್ಲಿಸಿಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಕೆಲಸ ಕೊಡುತ್ತಾನೆ. ಮೂರನೆಯ ಕಾರಣ ಮನೆಯ ಹೊತ್ತು. ಇಷ್ಟು ಹೊತ್ತು ನಿನ್ನದು, ಉಳಿದದ್ದು ನನ್ನದು ಎಂದು ಒಪ್ಪಿದ ಮೇಲೆ ನನ್ನ ಹೊತ್ತನ್ನು ಕೇಳಿದರೆ ಅದಕ್ಕೆ ಬೇರೆ ಬೆಲೆ.

ದಣಿವೊಂದನ್ನೇ ನೋಡಿದರೆ ಅರೆ ಶಿಫ್ಟಿನವಳ ಏಳನೆಯ ಗಂಟೆಗೆ ಹೆಚ್ಚಿನ ಬೆಲೆ ಕೇಳುವುದು ಕಷ್ಟ. ಮನೆಯ ಹೊತ್ತನ್ನು ನೋಡಿದರೆ ಅವಳಿಗೇ ಹೆಚ್ಚು ನಷ್ಟ. ಏಕೆಂದರೆ ಅವಳು ಅರೆ ಶಿಫ್ಟ್ ಆರಿಸಿಕೊಂಡದ್ದೇ ಮನೆಯಲ್ಲಿ ಬೇರೆ ದುಡಿಮೆ ಕಾದಿದೆ ಎಂಬ ಕಾರಣಕ್ಕೆ. ಶಾಲೆ ಬಿಟ್ಟು ಬಂದ ಮಗು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತದೆ. ಆ ಮೂರು ಗಂಟೆ ಅವಳ ಪಾಲಿಗೆ ಬಿಡುವಿನ ಹೊತ್ತಲ್ಲ!

ಪ್ರಪಂಚದ ನ್ಯಾಯಾಲಯಗಳೂ ಇಲ್ಲಿ ತಡಕಾಡಿವೆ. ಅಮೆರಿಕದ 1938ರ ಕಾಯಿದೆ ಪ್ರಕಾರ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು. 25 ಗಂಟೆಗೆಂದು ಸೇರಿ 35 ಗಂಟೆ ದುಡಿದವರಿಗೆ ಈ ಕಾಯಿದೆಯಿಂದ ಹೆಚ್ಚಿನದೇನೂ ಸಿಗದು. ಯುರೋಪಿನ ನ್ಯಾಯಾಲಯ 1994ರಲ್ಲಿ ಹೆಲ್ಮಿಗ್ ಎಂಬ ಜರ್ಮನಿಯ ಮೊಕದ್ದಮೆಯಲ್ಲಿ ಇದೇ ಮಾತು ಹೇಳಿತು. ಅಷ್ಟೇ ಗಂಟೆಗೆ ಅಷ್ಟೇ ಸಂಬಳ ಬರುತ್ತಿದೆಯಲ್ಲ, ಹಾಗಾದರೆ ತಾರತಮ್ಯ ಎಲ್ಲಿ ಎಂದು ಕೇಳಿತು. ಮೂವತ್ತು ವರ್ಷಗಳ ನಂತರ ಗಾಳಿ ತಿರುಗಿತು. 2023ರ ಅಕ್ಟೋಬರಿನಲ್ಲಿ ಅರೆಕಾಲಿಕ ವಿಮಾನ ಚಾಲಕನೊಬ್ಬನ ಮೊಕದ್ದಮೆಯಲ್ಲಿ, 2024ರ ಜುಲೈನಲ್ಲಿ ಡಯಾಲಿಸಿಸ್ ಸಂಸ್ಥೆಯೊಂದರ ಅರೆಕಾಲಿಕ ಶುಶ್ರೂಷಕಿಯರ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಪೂರ್ಣಾವಧಿಯವರ ಮಿತಿಯನ್ನೇ ಅರೆಕಾಲಿಕರ ಮೇಲೂ ಹೊರಿಸಿದರೆ ಅವರಿಗೆ ಓಟಿ ಕೈಗೆಟುಕುವುದೇ ಇಲ್ಲ, ತಕ್ಕ ಕಾರಣವಿಲ್ಲದಿದ್ದರೆ ಅದು ತಾರತಮ್ಯ ಎಂದಿತು. ಅರೆಕಾಲಿಕರಲ್ಲಿ ಹೆಂಗಸರೇ ಹೆಚ್ಚಿದ್ದರೆ ಅದು ಹೆಂಗಸರಿಗೆ ಆದ ಅನ್ಯಾಯವೂ ಆಗಬಹುದು ಎಂದು ಎರಡನೆಯ ತೀರ್ಪು ತೋರಿಸಿತು.

ನಮ್ಮಲ್ಲಿ ಈ ಪ್ರಶ್ನೆ ಹೀಗೆ ನೇರವಾಗಿ ಎದ್ದಿಲ್ಲದಿದ್ದರೂ, ಅರೆಹೊತ್ತಿನವರಿಗಾಗಿ ಎರಡು ಬೇಲಿಗಳನ್ನು ನಮ್ಮ ಹಿರಿಯರು ಹಾಕಿದ್ದರು. ಮೊದಲನೆಯದು 1948ರ ಕನಿಷ್ಠ ಕೂಲಿ ಕಾಯಿದೆಯ 15ನೇ ಸೆಕ್ಷನ್. ದಿನಗೂಲಿಗೆಂದು ಬಂದವರನ್ನು ಕೆಲಸ ಇಲ್ಲವೆಂದು ಮಾಲೀಕ ಅರ್ಧಕ್ಕೆ ಕಳಿಸಿದರೆ, ಕೆಲವು ಸಂದರ್ಭ ಬಿಟ್ಟು, ಪೂರ್ತಿ ದಿನದ ಕೂಲಿ ಕೊಡಬೇಕು. ನೂಲು ಬಂದಿಲ್ಲ, ಆರ್ಡರ್ ಬಂದಿಲ್ಲ ಎಂದು ಮಧ್ಯಾಹ್ನವೇ ಮನೆಗೆ ಕಳಿಸಿ 'ಅರೆ ಶಿಫ್ಟ್' ಬರೆದುಕೊಳ್ಳುವುದಕ್ಕೆ ಇದು ತಡೆ. ಎರಡನೆಯದು ಕಾರ್ಖಾನೆ ಕಾಯಿದೆಯ 60ನೇ ಸೆಕ್ಷನ್. ಒಂದು ಕಾರ್ಖಾನೆಯಲ್ಲಿ ದುಡಿದವನನ್ನು ಅದೇ ದಿನ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಬಾರದು. ಇಲ್ಲಿ ಆರು ಗಂಟೆ, ಅಲ್ಲಿ ಆರು ಗಂಟೆ ದುಡಿದರೆ ಮೈಗೆ 12 ಗಂಟೆಯ ದಣಿವು. ಎರಡೂ ಕಡೆಯ ರಿಜಿಸ್ಟರಿನಲ್ಲಿ ಮಾತ್ರ ಓಟಿ ಸೊನ್ನೆ! ಆ ಸೊನ್ನೆಯನ್ನು ತಡೆಯಲೆಂದೇ ಈ ಬೇಲಿ.

ಓಟಿಯೇ ಇಲ್ಲದ ಹುಡುಗಿಯರು

ಅರೆಹೊತ್ತಿನವರ ಮಾತು ಮುಗಿಸುವ ಮೊದಲು, ಪೂರ್ತಿಹೊತ್ತು ದುಡಿದೂ ಪೂರ್ತಿ ಕಾರ್ಮಿಕರೆನಿಸದವರ ಮಾತು ಹೇಳಲೇಬೇಕು. 1990ರ ದಶಕದಿಂದ ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಭಾಗದ ಅನೇಕ ನೂಲಿನ ಮಿಲ್ಲುಗಳು ಹಳ್ಳಿಯ ಹದಿಹರೆಯದ ಹುಡುಗಿಯರನ್ನು 'ಸುಮಂಗಲಿ' ಯೋಜನೆಯ ಹೆಸರಿನಲ್ಲಿ ಸೇರಿಸಿಕೊಂಡವು. ಮಿಲ್ಲಿನ ಹಾಸ್ಟೆಲ್ಲಿನಲ್ಲಿ ವಾಸ, ಸಾಮಾನ್ಯವಾಗಿ ಮೂರು ವರ್ಷ ದುಡಿಮೆ, ಕೊನೆಯಲ್ಲಿ ಮದುವೆ ಖರ್ಚಿಗೆಂದು ಒಂದು ಇಡಿಗಂಟು. ಕಾಗದದಲ್ಲಿ ಅವರು ಅಪ್ರೆಂಟಿಸ್. ಮಧ್ಯದಲ್ಲಿ ಬಿಟ್ಟುಬಂದರೆ ಇಡಿಗಂಟು ಕೈತಪ್ಪುವ ಭಯ. ಹಾಸ್ಟೆಲ್ಲಿಂದ ಮಿಲ್ಲಿಗೆ ಹತ್ತು ಹೆಜ್ಜೆ, ಆಳು ಕಡಿಮೆಯಾದಾಗ ರಾತ್ರಿ ಎಬ್ಬಿಸಿದರೂ ಬೇಡ ಎನ್ನುವಂತಿಲ್ಲ. 2008ರಲ್ಲಿ ತಮಿಳುನಾಡು ಸರ್ಕಾರ ಮಿಲ್ಲಿನ ಅಪ್ರೆಂಟಿಸ್‌ಗಳಿಗೂ ಕನಿಷ್ಠ ಕೂಲಿ ಗೊತ್ತು ಮಾಡಿತು.

ಕಾರ್ಮಿಕ ಎಂಬ ಹೆಸರು ತಪ್ಪಿಸಿದರೆ ಓಟಿ ತಾನಾಗಿಯೇ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮುಂದೆ ಎಲ್ಲಿಗೆ ಹೋದಳು ಎಂದು ಶಾಲೆಗಳು ಕೇಳುತ್ತಿರಬೇಕಾದದ್ದು ಇದೇ ಕಾರಣಕ್ಕೆ.

ಇತ್ತೀಚಿನ ವರ್ಷಗಳು

2020ರ ಲಾಕ್‌ಡೌನಿನಲ್ಲಿ ಒಂದೂವರೆ ಶಿಫ್ಟಿನ ಲೆಕ್ಕವನ್ನೇ ಒಂದು ಸರ್ಕಾರ ಕಾನೂನು ಮಾಡಲು ಹೊರಟಿತು. ಗುಜರಾತ್ ಸರ್ಕಾರ ಆ ವರ್ಷದ ಏಪ್ರಿಲ್ 17ರಂದು ಒಂದು ಅಧಿಸೂಚನೆ ಹೊರಡಿಸಿತು. ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಬಹುದು, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಬೇಡ, ಮಾಮೂಲಿ ಕೂಲಿಯ ಪ್ರಮಾಣದಲ್ಲೇ ಕೊಟ್ಟರೆ ಸಾಕು ಎಂದು ಅದು ಹೇಳಿತು. ಗುಜರಾತ್ ಮಜ್ದೂರ್ ಸಭಾ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್ 1ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠ ಆ ಅಧಿಸೂಚನೆಯನ್ನು ರದ್ದು ಮಾಡಿತು. ಅದರ ಪ್ರಕಾರ ದುಡಿದವರಿಗೆಲ್ಲ ಕಾಯಿದೆಯಂತೆ ಓಟಿ ಕೊಡಿ ಎಂದಿತು.

ತಮಿಳುನಾಡಿನಲ್ಲಿ 2023ರ ಏಪ್ರಿಲ್ 21ರಂದು ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡುವ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಸಂಘಟನೆಗಳು ಎದ್ದವು. ಮೇ ದಿನದಂದೇ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅದನ್ನು ವಾಪಸು ಪಡೆದುದಾಗಿ ಘೋಷಿಸಿದರು. ಅದೇ ವರ್ಷ ಕರ್ನಾಟಕದಲ್ಲಿ, ವಾರದ 48 ಗಂಟೆ ಹಾಗೆಯೇ ಇಟ್ಟು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಬಿಡುವ ತಿದ್ದುಪಡಿ ಆಯಿತು. ಗಡಿಯ ಈಚೆ ವಾಪಸು, ಆಚೆ ಜಾರಿ!

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಎರಡೂ ಕಾಯಿದೆಗಳು ಚರಿತ್ರೆಗೆ ಸೇರಿವೆ. ಓಟಿಗೆ ಎರಡು ಪಟ್ಟಿಗಿಂತ ಕಡಿಮೆ ಕೊಡಬಾರದು ಎಂಬ ಮಾತು ಹೊಸ ಸಂಹಿತೆಯಲ್ಲೂ ಉಳಿದಿದೆ. ಕೆಲಸ ಕೊಡದೆ ಅರ್ಧ ದಿನಕ್ಕೆ ಕಳಿಸಿದರೆ ಪೂರ್ತಿ ಕೂಲಿ ಎಂಬುದೂ ಉಳಿದಿದೆ. ಓಟಿ ಮಾಡಿಸಲು ಕಾರ್ಮಿಕರ ಒಪ್ಪಿಗೆ ಬೇಕು ಎಂಬುದು ಸೇರಿಕೊಂಡಿದೆ. ಆದರೆ ಕಾರ್ಖಾನೆ ಎನ್ನಿಸಿಕೊಳ್ಳಲು ಕರೆಂಟಿದ್ದಲ್ಲಿ 10 ಜನ ಸಾಕಾಗಿದ್ದದ್ದು 20 ಆಗಿದೆ, ಕರೆಂಟಿಲ್ಲದಲ್ಲಿ 20 ಇದ್ದದ್ದು 40 ಆಗಿದೆ. ತಿರುಪ್ಪೂರಿನಂಥ ಸಣ್ಣ ಘಟಕಗಳ ಊರಿನಲ್ಲಿ ಈ ಅಂಕಿಗಳ ಅರ್ಥವೇನೆಂದು ಬಿಡಿಸಿ ಹೇಳಬೇಕೆ?

ಶಾಲೆ ಏನು ಮಾಡಬಹುದು

ಈ ಕಥೆಯಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. 1922, 1934, 1946, 1948 ಹೀಗೆ ಗಂಟೆ ಇಳಿದದ್ದೂ ಕೂಲಿಯ ಪಟ್ಟು ಏರಿದ್ದೂ ಕಾಗದದಲ್ಲಿ ಗೆದ್ದ ಗೆಲುವು. 'ಗಂಟೆ' ಎಂಬ ಮಾತನ್ನು ತೆಗೆದು ಅದರ ಜಾಗದಲ್ಲಿ 'ಶಿಫ್ಟ್' ಎಂಬ ಮಾತು ಇಟ್ಟ ಕೂಡಲೇ ಆ ಗೆಲುವಿನ ಅರ್ಧ ಕರಗಿಹೋಯಿತು. ಯಾರೂ ಕಾಯಿದೆಯನ್ನು ಸುಡಲಿಲ್ಲ, ಅಳತೆಯ ಸೇರನ್ನು ಬದಲಾಯಿಸಿದರು, ಅಷ್ಟೇ. ದುಡಿಯುವವರೂ ಆ ಸೇರಿಗೇ ಒಗ್ಗಿಕೊಂಡರು. ಒಂದು ಶಿಫ್ಟಿನ ಕೂಲಿಯಲ್ಲಿ ಮನೆ ನಡೆಯದಿದ್ದರೆ ಒಂದೂವರೆ ಶಿಫ್ಟ್ ಸಿಕ್ಕಿತಲ್ಲ ಎಂಬುದೇ ಸಮಾಧಾನ. 'ಓಟಿ ಕೊಡುವ ಕಂಪನಿ' ಎಂದರೆ ಹೆಚ್ಚು ಹೊತ್ತು ಕೆಲಸ ಕೊಡುವ ಕಂಪನಿ ಎಂಬ ಅರ್ಥ ಬಂದುಬಿಟ್ಟಿದೆ, ಎರಡು ಪಟ್ಟು ಕೊಡುವ ಕಂಪನಿ ಎಂದಲ್ಲ.

ಸಹೋದ್ಯೋಗಿ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಅನುಪಾತದ ಪಾಠ ಮಾಡುವಾಗ ರೈಲಿನ ವೇಗ, ತೊಟ್ಟಿಯ ನೀರಿನ ಜೊತೆಗೆ ಈ ಶಿಫ್ಟಿನ ಲೆಕ್ಕವನ್ನೂ ಒಮ್ಮೆ ಕೊಡಿ. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನ ಸಂಬಳವನ್ನು ಗಂಟೆಯಿಂದ ಭಾಗಿಸಿ ನೋಡಲಿ. ಹಿರಿಯರಲ್ಲಿ ಹಳೆಯ ಮಿಲ್ಲಿನ ಪಾಸ್‌ಬುಕ್ಕು, ಸಂಬಳದ ಚೀಟಿ, ಸಂಘದ ರಸೀದಿ ಇದ್ದರೆ ಬಿಸಾಡಬೇಡಿ ಎಂದು ಹೇಳಲಿ. ನಮ್ಮ ಕೇರಿಗಳ ಚರಿತ್ರೆಯನ್ನು ಯಾರೂ ಶಾಸನದಲ್ಲಿ ಕೆತ್ತಿಸಿಲ್ಲ, ಅದು ಇಂಥ ಚೀಟಿಗಳಲ್ಲೇ ಇದೆ.

ಪೋಷಕರಲ್ಲಿ ಇನ್ನೊಂದು ಮಾತು. ಎರಡು ರೂಪಾಯಿಯ ಪಾಕೆಟ್ ಕ್ಯಾಲೆಂಡರ್ ಆದರೂ ಸಾಕು. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನವೂ ಬರೆದಿಡಿ. ಪೂರ್ತಿ ಶಿಫ್ಟಿನವರಾಗಲಿ ಅರೆ ಶಿಫ್ಟಿನವರಾಗಲಿ, ನಾಳೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು 'ಎಷ್ಟು ಗಂಟೆ ದುಡಿದಿರಿ' ಎಂದೇ. ಆ ಪ್ರಶ್ನೆಗೆ 'ಒಂಬತ್ತು ಶಿಫ್ಟ್' ಎಂಬುದು ಉತ್ತರವಲ್ಲ. ಎಪ್ಪತ್ತೆರಡು ಗಂಟೆ ಎಂಬುದು ಉತ್ತರ.